ಎಲೆ ನೀಲಿಯಾಗುತ್ತಿಲ್ಲವೇ? ಗಿಡದ ಊಟ, ಉಸಿರು ಎರಡನ್ನೂ ಮನೆಯಲ್ಲೇ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ಶಾಲೆ ಶುರುವಾಗಿ ಒಂದೆರಡು ತಿಂಗಳಲ್ಲಿ ನನ್ನ ಫೋನಿಗೆ ಒಂದೇ ತರಹದ ಫೋಟೊಗಳು ಬರುತ್ತವೆ. ಬಿಳಿ ತಟ್ಟೆ, ಅದರ ಮೇಲೆ ಕಂದು ಬಣ್ಣಕ್ಕೆ ತಿರುಗಿದ ಒಂದು ಎಲೆ, ಕೆಳಗೆ ಒಂದು ಸಾಲು: "ಸರ್, ನೀಲಿ ಬರಲೇ ಇಲ್ಲ." ಎಲೆಯಲ್ಲಿ ಪಿಷ್ಟ ಇದೆಯೇ ಎಂದು ಅಯೋಡಿನ್ ಹಾಕಿ ನೋಡುವ ಪ್ರಯೋಗ ಅದು, ಪಿಷ್ಟ ಇದ್ದರೆ ಕಡು ನೀಲಿಯಾಗಬೇಕು. ಇನ್ನು ಕೆಲವರದು ಉಲ್ಟಾ. ಬಿಸಿಲು ಕಂಡ ಎಲೆಯೂ ಕಪ್ಪು, ಕತ್ತಲಲ್ಲಿದ್ದ ಎಲೆಯೂ ಕಪ್ಪು. ನೀರಿನಲ್ಲಿ ಬೆಳೆಯುವ ಹೈಡ್ರಿಲ್ಲಾ ಗಿಡ ಇಟ್ಟವರಿಗೆ ಗುಳ್ಳೆ ಬರುವುದಿಲ್ಲ, ಗುಳ್ಳೆ ಬಂದರೂ ಕೆಂಡದ ಕಡ್ಡಿ ಹೊತ್ತಿಕೊಳ್ಳುವುದಿಲ್ಲ.

ನಾನು ಮಂಡ್ಯ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, ಮನೆ ಮೈಸೂರಿನಲ್ಲಿ. ಏನೇನು ಮಾಡಿದಿರಿ ಎಂದು ಒಬ್ಬೊಬ್ಬರನ್ನೂ ಕೂರಿಸಿ ಕೇಳಿದಾಗ ತಿಳಿದದ್ದು ಇಷ್ಟು. ಸಾಮಾನು ಸರಿ ಇರುತ್ತದೆ. ಕ್ರಮವೂ ಹೆಚ್ಚುಕಡಿಮೆ ಸರಿ ಇರುತ್ತದೆ. ಆದರೆ ಒಂದು ಹಂತ ನಿಜವಾಗಿ ಆಯಿತೋ ಇಲ್ಲವೋ ಎಂದು ನೋಡದೆ ಮುಂದಿನದಕ್ಕೆ ಹೋಗಿರುತ್ತಾರೆ. ಮೂರು ದಿನದ ಕೆಲಸ ಕೊನೆಯ ಐದು ನಿಮಿಷದಲ್ಲಿ ಕೈಕೊಡುತ್ತದೆ, ಆಗ ಎಲ್ಲಿ ತಪ್ಪಿತು ಎಂದು ಹುಡುಕಲು ದಾರಿಯೇ ಇರುವುದಿಲ್ಲ. ಅದಕ್ಕೇ ಇಲ್ಲಿ ಮುಖ್ಯ ಹಂತಗಳಿಗೆಲ್ಲ ಒಂದೊಂದು ಸಣ್ಣ ತಪಾಸಣೆ ಸೇರಿಸಿದ್ದೇನೆ. ಅದನ್ನು ಮಾತ್ರ ಬಿಡಬೇಡಿ.

ಕೆಲಸಕ್ಕೆ ಇಳಿಯುವ ಮೊದಲು ಒಂದು ವಿಷಯ ತಲೆಯಲ್ಲಿರಲಿ. ಎಲೆ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ. ಗಾಳಿಯಲ್ಲಿ ಅದು ಇರುವುದು ಸುಮಾರು 0.04 ಶೇಕಡಾ ಮಾತ್ರ. ಬೇರಿನಿಂದ ನೀರು ಬರುತ್ತದೆ, ಎಲೆಗೆ ಹಸಿರು ಕೊಡುವ ಪತ್ರಹರಿತ್ತು ಬೆಳಕನ್ನು ಹಿಡಿಯುತ್ತದೆ, ಸಕ್ಕರೆ ತಯಾರಾಗುತ್ತದೆ, ಆಮ್ಲಜನಕ ಹೊರಗೆ ಹೋಗುತ್ತದೆ. ಹಗಲಲ್ಲಿ ಖರ್ಚಾಗದೆ ಉಳಿದ ಸಕ್ಕರೆಯನ್ನು ಎಲೆ ಪಿಷ್ಟವಾಗಿ ಕೂಡಿಡುತ್ತದೆ. ರಾತ್ರಿ ಅದನ್ನೇ ಒಡೆದು ಬಳಸುತ್ತದೆ. ಅಂದರೆ ಬೆಳಗಿನ ಜಾವ ಎಲೆಯ ಉಗ್ರಾಣ ಹೆಚ್ಚುಕಡಿಮೆ ಖಾಲಿ, ಸಂಜೆ ನಾಲ್ಕಕ್ಕೆ ತುಂಬಿದ ಉಗ್ರಾಣ. ಬೆಳಿಗ್ಗೆ ಎಂಟಕ್ಕೆ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಕಿತ್ತ ಎಲೆ ನೀಲಿಯಾಗಲಿಲ್ಲ ಎಂದರೆ ತಪ್ಪು ಎಲೆಯದಲ್ಲ.

ಬೇಕಾಗುವ ಸಾಮಾನು

ಕುಂಡದಲ್ಲಿರುವ ಒಂದು ಗಿಡ. ಮೆಡಿಕಲ್ ಸ್ಟೋರಿನಿಂದ ಟಿಂಚರ್ ಅಯೋಡಿನ್ ಅಥವಾ ಪೊವಿಡೋನ್ ಅಯೋಡಿನ್ ದ್ರಾವಣ, ಮತ್ತು ಒಂದು ಬಾಟಲಿ ಸರ್ಜಿಕಲ್ ಸ್ಪಿರಿಟ್. ಅಯೋಡಿನ್ ಮುಲಾಮು ಬೇಡ, ದ್ರಾವಣವೇ ಬೇಕು. ಕೈಗೆ ಹಚ್ಚುವ ಸ್ಯಾನಿಟೈಸರ್ ಜೆಲ್ ಕೂಡ ಬೇಡ, ಅದರ ಅಂಟು ಎಲೆಗೆ ಮೆತ್ತಿಕೊಂಡು ಕೆಲಸ ಕೆಡಿಸುತ್ತದೆ. ಅಡುಗೆಮನೆಯ ಅಯೋಡಿನ್ ಉಪ್ಪನ್ನು ನೀರಿಗೆ ಹಾಕಿ ನೋಡಿದವರೂ ಇದ್ದಾರೆ. ಉಪ್ಪಿನಲ್ಲಿ ಅಯೋಡಿನ್ ಇರುವುದು ಬೇರೆ ರೂಪದಲ್ಲಿ, ಪಿಷ್ಟವನ್ನು ಅದು ನೀಲಿ ಮಾಡುವುದಿಲ್ಲ.

ಉಳಿದದ್ದೆಲ್ಲ ಮನೆಯಲ್ಲೇ ಇರುತ್ತದೆ: ಒಂದು ಅಗಲ ಪಾತ್ರೆ, ಬಿಸಿ ತಡೆಯುವ ಗಾಜಿನ ಲೋಟ ಅಥವಾ ಬೀಕರ್, ಚಿಮಟ, ಬಿಳಿ ತಟ್ಟೆ, ಕಪ್ಪು ಕಾಗದ, ಪೇಪರ್ ಕ್ಲಿಪ್, ವ್ಯಾಸಲಿನ್, ಬಣ್ಣವಿಲ್ಲದ ನೇಲ್ ಪಾಲಿಶ್, ಸೆಲೋ ಟೇಪು.

ದಿನಗಳ ಲೆಕ್ಕ

ಗುರುವಾರ ಸಂಜೆ ಗಿಡ ಕತ್ತಲಿಗೆ ಹೋಗಬೇಕು. ಶನಿವಾರ ಸಂಜೆ ಒಂದು ಎಲೆ ತಪಾಸಣೆ. ಭಾನುವಾರ ಬೆಳಿಗ್ಗೆ ಬಿಸಿಲಿಗೆ, ಸಂಜೆ ನಾಲ್ಕಕ್ಕೆ ಪರೀಕ್ಷೆ. ಸೋಮವಾರ ತೋರಿಸಬೇಕು ಎಂದು ಭಾನುವಾರ ಬೆಳಿಗ್ಗೆ ಶುರು ಮಾಡಿದರೆ ಆಗುವುದಿಲ್ಲ. ಇದಕ್ಕೆ ಅಡ್ಡದಾರಿ ಇಲ್ಲ.

1. ಗಿಡ ಆರಿಸಿ

ಇಲ್ಲೇ ಅರ್ಧ ಜನ ಸೋಲುತ್ತಾರೆ. ನಮ್ಮ ಕಡೆ ಮಕ್ಕಳು ಮೊದಲು ತರುವುದು ಕಬ್ಬಿನ ಗರಿ, ಆಮೇಲೆ ಭತ್ತದ ಗರಿ. ಕಣ್ಣೆದುರು ಇರುವುದು ಅದೇ ಅಲ್ವಾ. ಆದರೆ ಈ ಪರೀಕ್ಷೆಗೆ ಎರಡೂ ಬರುವುದಿಲ್ಲ. ಭತ್ತದ ಗರಿ ತಾನು ಮಾಡಿದ್ದನ್ನು ಹೆಚ್ಚಾಗಿ ಸಕ್ಕರೆಯ ರೂಪದಲ್ಲೇ ಇಟ್ಟುಕೊಳ್ಳುತ್ತದೆ, ಅಯೋಡಿನ್ ಹಾಕಿದರೆ ಹೇಳಿಕೊಳ್ಳುವಂಥ ಬಣ್ಣ ಬರುವುದಿಲ್ಲ. ಕಬ್ಬು ತನ್ನ ಸಕ್ಕರೆಯನ್ನು ಜಲ್ಲೆಗೆ ಸಾಗಿಸುತ್ತದೆ, ಗರಿಯೂ ಗಡಸು. ಈರುಳ್ಳಿ ಎಲೆಯಂತೂ ಪಿಷ್ಟ ಮಾಡುವುದೇ ಇಲ್ಲ. ಮಾವಿನ ಎಲೆ ದಪ್ಪ, ಮೇಣದ ಹೊದಿಕೆ ಬೇರೆ, ಸ್ಪಿರಿಟ್ ಒಳಗೆ ಇಳಿಯುವುದಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು ಬೀನ್ಸ್ ಗಿಡ. ಬೀಜ ಹಾಕಿದ ಮೂರು ವಾರಕ್ಕೆ ತೆಳುವಾದ, ಅಗಲವಾದ ಎಲೆ ಸಿಗುತ್ತದೆ. ದಾಸವಾಳವೂ ಆಗುತ್ತದೆ, ಆದರೆ ಅದರ ಎಲೆಯಲ್ಲಿ ಲೋಳೆ ಇರುತ್ತದೆ, ಬೇಯಿಸಿದ ಮೇಲೆ ಚೆನ್ನಾಗಿ ತೊಳೆಯಬೇಕು. ಪತ್ರಹರಿತ್ತು ಬೇಕೇಬೇಕು ಎಂದು ತೋರಿಸುವ ಪ್ರಯೋಗವಾದರೆ ಹಸಿರು ಬಿಳಿ ಮಚ್ಚೆಯ ಮನಿ ಪ್ಲಾಂಟ್ ತೆಗೆದುಕೊಳ್ಳಿ. ಎಲೆ ಕಿತ್ತ ಕೂಡಲೇ ಬಿಳಿ ಭಾಗ ಎಲ್ಲಿದೆ ಎಂದು ಕಾಗದದ ಮೇಲೆ ಗೆರೆ ಎಳೆದಿಡಿ. ಬಣ್ಣ ತೆಗೆದ ಮೇಲೆ ಇಡೀ ಎಲೆ ಒಂದೇ ತರಹ ಕಾಣುತ್ತದೆ, ಆಮೇಲೆ ಹೋಲಿಸಲು ಏನೂ ಇರುವುದಿಲ್ಲ.

ತೀರಾ ಎಳೆಯ ಎಲೆ ಬೇಡ, ಹಳದಿ ತಿರುಗಿದ್ದೂ ಬೇಡ. ತುದಿಯಿಂದ ಎಣಿಸಿದರೆ ಮೂರನೆಯದೋ ನಾಲ್ಕನೆಯದೋ ಸರಿಯಾಗಿರುತ್ತದೆ.

2. ಅಯೋಡಿನ್ ಬದುಕಿದೆಯೇ ನೋಡಿ

ಒಂದು ಭಾಗ ಅಯೋಡಿನ್‌ಗೆ ಐದರಿಂದ ಹತ್ತು ಭಾಗ ನೀರು. ಹಾಲು ಹಾಕದ ಟೀ ಬಣ್ಣ ಬಂದರೆ ಸಾಕು. ಅದಕ್ಕಿಂತ ಗಾಢವಾದರೆ ಅಯೋಡಿನ್‌ನ ಸ್ವಂತ ಬಣ್ಣವೇ ಎಲೆಯನ್ನು ಕಪ್ಪಾಗಿ ತೋರಿಸುತ್ತದೆ. "ಎರಡೂ ಎಲೆ ಕಪ್ಪಾಯಿತು" ಎನ್ನುವವರಲ್ಲಿ ಕೆಲವರ ಕಥೆ ಇಷ್ಟೇ.

ಈಗ ತಣ್ಣಗಾದ ಅನ್ನದ ಒಂದು ಅಗುಳಿನ ಮೇಲೆ ಒಂದು ಹನಿ ಬಿಡಿ. ನಿಮಿಷದೊಳಗೆ ಕಡು ನೀಲಿಯಾಗಬೇಕು. ಆಗದಿದ್ದರೆ ಆ ಅಯೋಡಿನ್ ಕೆಲಸಕ್ಕೆ ಬರುವುದಿಲ್ಲ, ಬೇರೆ ತನ್ನಿ. ಬಿಸಿ ಅನ್ನದ ಮೇಲೆ ಹಾಕಬೇಡಿ. ಬಿಸಿ ಇದ್ದಾಗ ಆ ನೀಲಿ ನಿಲ್ಲುವುದಿಲ್ಲ, ತಣ್ಣಗಾದ ಮೇಲೆ ಮತ್ತೆ ಕಾಣುತ್ತದೆ. ಎಲೆಗೂ ಇದೇ ಮಾತು, ಮುಂದೆ ಬರುತ್ತದೆ.

ಬಟ್ಟೆಗೆ ಅಯೋಡಿನ್ ಕಲೆಯಾದರೆ ಗಾಬರಿ ಬೇಡ. ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ನೀರಿನಲ್ಲಿ ಕಲಸಿ ಹಚ್ಚಿ, ಬಣ್ಣ ಬಿಡುತ್ತದೆ.

3. ಗಿಡವನ್ನು ಕತ್ತಲಲ್ಲಿಡಿ

ಗುರುವಾರ ಸಂಜೆ ಕುಂಡಕ್ಕೆ ನೀರು ಹಾಕಿ, ಬೆಳಕು ನುಸುಳದ ಜಾಗದಲ್ಲಿಡಿ. ಬೀರು, ಉಗ್ರಾಣದ ಕೋಣೆ, ದೊಡ್ಡ ರಟ್ಟಿನ ಪೆಟ್ಟಿಗೆ ಯಾವುದಾದರೂ ಆದೀತು. ಪೆಟ್ಟಿಗೆಯಾದರೆ ಸಂದುಗಳಿಗೆ ಟೇಪು ಅಂಟಿಸಿ. "ಕತ್ತಲಕೋಣೆಯಲ್ಲೇ ಇಟ್ಟಿದ್ದೆ ಮೇಷ್ಟ್ರೇ" ಎಂದ ಒಬ್ಬ ತಂದೆಯ ಮನೆಗೆ ಹೋಗಿ ನೋಡಿದೆ. ಅದು ದೇವರ ಮನೆ. ಪುಟ್ಟ ಎಲ್‌ಇಡಿ ದೀಪ ಹಗಲು ರಾತ್ರಿ ಉರಿಯುತ್ತಿತ್ತು. ಅಷ್ಟು ಬೆಳಕಿನಲ್ಲಿ ಪಿಷ್ಟ ಹೆಚ್ಚೇನೂ ಆಗಲಿಕ್ಕಿಲ್ಲ, ಆದರೆ ಅದು ಕತ್ತಲು ಅಲ್ಲ. ಸಂಶಯಕ್ಕೆ ಜಾಗ ಯಾಕೆ ಬಿಡಬೇಕು?

ಕುಂಡ ಇಲ್ಲ, ನೆಲದಲ್ಲಿರುವ ಗಿಡವೇ ಇರುವುದು ಎನ್ನುವವರು ಒಂದು ರೆಂಬೆಯನ್ನು ಕಪ್ಪು ಕಾಗದದಿಂದ ಸಡಿಲವಾಗಿ ಸುತ್ತಿ, ಅದರ ಮೇಲೆ ಅಡುಗೆಮನೆಯ ಫಾಯಿಲ್ ಹೊಳೆಯುವ ಬದಿ ಹೊರಗೆ ಬರುವಂತೆ ಸುತ್ತಿ. ಬರೀ ಕಪ್ಪು ಪ್ಲಾಸ್ಟಿಕ್ ಚೀಲ ಕಟ್ಟಿದರೆ ನಮ್ಮ ಮಾರ್ಚ್, ಏಪ್ರಿಲ್ ಬಿಸಿಲಿಗೆ ಒಳಗಿನ ಎಲೆ ಬೆಂದೇ ಹೋಗುತ್ತದೆ.

ತೆಳು ಎಲೆಗೆ 48 ಗಂಟೆ ಸಾಕಾಗುತ್ತದೆ. ಮನಿ ಪ್ಲಾಂಟಿನಂಥ ದಪ್ಪ ಎಲೆಗೆ ಮೂರು ದಿನ ಇಡಿ, ಅಂದರೆ ಬುಧವಾರವೇ ಶುರು ಮಾಡಿ.

4. ಸೊನ್ನೆ ಎಲೆ: ಇದನ್ನು ಬಿಟ್ಟರೆ ಉಳಿದದ್ದೆಲ್ಲ ಸುಮ್ನೆ

ಶನಿವಾರ ಸಂಜೆ ಕತ್ತಲಲ್ಲಿದ್ದ ಗಿಡದಿಂದ ಒಂದೇ ಒಂದು ಎಲೆ ಕಿತ್ತು ಪೂರ್ತಿ ಪರೀಕ್ಷೆ ಮಾಡಿ. ವಿಧಾನ 7 ಮತ್ತು 8ನೇ ಹಂತದಲ್ಲಿದೆ. ಇದನ್ನು ನಾನು ಸೊನ್ನೆ ಎಲೆ ಎಂದು ಕರೆಯುತ್ತೇನೆ. ತಕ್ಕಡಿಯಲ್ಲಿ ತೂಗುವ ಮೊದಲು ಮುಳ್ಳು ಸೊನ್ನೆಗೆ ನಿಂತಿದೆಯೇ ಎಂದು ನೋಡುತ್ತೇವಲ್ಲ, ಅದೇ ಕೆಲಸ ಇದು.

ಅಯೋಡಿನ್ ಹಾಕಿದ ಮೇಲೆ ಅದು ಹಳದಿ ಕಂದು ಬಣ್ಣದಲ್ಲೇ ಉಳಿದರೆ ಗಿಡದ ಉಗ್ರಾಣ ಖಾಲಿ ಎಂದು ಖಚಿತ. ಭಾನುವಾರ ಕಾಣುವ ನೀಲಿಯೆಲ್ಲ ಭಾನುವಾರದ ಬಿಸಿಲಿನಲ್ಲೇ ಆದದ್ದು ಎಂದು ಧೈರ್ಯವಾಗಿ ಹೇಳಬಹುದು. ಸೊನ್ನೆ ಎಲೆಯೇ ನೀಲಿಯಾದರೆ ಮುಂದುವರಿಯಬೇಡಿ. ಗಿಡವನ್ನು ಇನ್ನೊಂದು ದಿನ ಕತ್ತಲಲ್ಲೇ ಬಿಡಿ, ಮತ್ತೊಂದು ಎಲೆ ನೋಡಿ.

ಈ ಎಲೆಯಿಂದ ಇನ್ನೊಂದು ಲಾಭವೂ ಇದೆ. ಸ್ಪಿರಿಟ್ ಸಾಕಾಗುತ್ತದೋ, ಲೋಟ ಸರಿಯಾದ ಅಳತೆಯದೋ, ಎಷ್ಟು ಹೊತ್ತು ಬೇಕು ಎನ್ನುವುದೆಲ್ಲ ಇಲ್ಲೇ ಗೊತ್ತಾಗಿಬಿಡುತ್ತದೆ.

5. ಅಕ್ಷರ ಮತ್ತು ವ್ಯಾಸಲಿನ್

ಭಾನುವಾರ ಬೆಳಿಗ್ಗೆ, ಗಿಡ ಬೆಳಕು ಕಾಣುವ ಮೊದಲೇ, ಮಂದ ಬೆಳಕಿನ ಕೋಣೆಯಲ್ಲಿ ಈ ಕೆಲಸ ಮುಗಿಸಿ.

ಒಂದು ಎಲೆಗೆ ಕಪ್ಪು ಕಾಗದ. ಎರಡು ತುಂಡು ಬೇಕು, ಒಂದು ಮೇಲೆ, ಒಂದು ಕೆಳಗೆ. ಮೇಲಿನದರಲ್ಲಿ ಒಂದು ಅಕ್ಷರ ಕತ್ತರಿಸಿ. ನನ್ನ ಮಕ್ಕಳು "ಮ" ಕತ್ತರಿಸುತ್ತಾರೆ, ಮೈಸೂರಿನವರಿಗೂ ಮಂಡ್ಯದವರಿಗೂ ಜಗಳವಿಲ್ಲದ ಅಕ್ಷರ. ಕಾಗದವನ್ನು ಕ್ಲಿಪ್ಪಿನಿಂದ ಸಡಿಲವಾಗಿ ಹಿಡಿಸಿ. ಟೇಪಿನಿಂದ ಎಲೆಗೆ ಒತ್ತಿ ಅಂಟಿಸುವುದು ತುಂಬ ಜನ ಮಾಡುವ ತಪ್ಪು. ಹಾಗೆ ಅಂಟಿಸಿದರೆ ಬೆಳಕೂ ಇಲ್ಲ, ಗಾಳಿಯೂ ಇಲ್ಲ. ಆಮೇಲೆ ಪಿಷ್ಟ ಆಗದೆ ಇದ್ದದ್ದು ಯಾವುದರಿಂದ ಎಂದು ಹೇಳುವುದು ಹೇಗೆ?

ಇನ್ನು ಗಾಳಿಯ ಪರೀಕ್ಷೆ. ಪಾಠದಲ್ಲಿ ಇದಕ್ಕೆ ಕಾರ್ಬನ್ ಡೈಆಕ್ಸೈಡ್ ಹೀರಿಕೊಳ್ಳುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇರುತ್ತದೆ. ಅದು ಚರ್ಮ ಸುಡುವ, ಕಣ್ಣು ಕೆಡಿಸುವ ವಸ್ತು, ಮನೆಗೆ ತರಬೇಡಿ. ಅದರ ಬದಲು ವ್ಯಾಸಲಿನ್ ಸಾಕು. ಒಂದು ಎಲೆಯ ಎರಡೂ ಬದಿಗೆ ತೆಳುವಾಗಿ, ಒಂದು ಚೂರೂ ಬಿಡದಂತೆ ಹಚ್ಚಿ. ಇನ್ನೊಂದು ಎಲೆಯ ಮೇಲ್ಬದಿಗೆ ಮಾತ್ರ ಹಚ್ಚಿ. ಮೂರನೆಯದನ್ನು ಹಾಗೇ ಬಿಡಿ. ಗುರುತಿಗೆ ತೊಟ್ಟಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿ. ವ್ಯಾಸಲಿನ್ ಬೆಳಕನ್ನು ಬಿಡುತ್ತದೆ, ಗಾಳಿಯನ್ನು ತಡೆಯುತ್ತದೆ. ಈ ಪ್ರಯೋಗ ನಿಂತಿರುವುದೇ ಅದರ ಮೇಲೆ.

6. ಬಿಸಿಲು

ಎಂಟೂವರೆಯಿಂದ ಮೂರೂವರೆವರೆಗೆ ತಾರಸಿಯ ಮೇಲೆ. ಕನಿಷ್ಠ ಆರು ಗಂಟೆ. ಹೊರಗಿಡುವ ಮೊದಲು ಚೆನ್ನಾಗಿ ನೀರು ಹಾಕಿ. ಎರಡು ದಿನ ಕತ್ತಲಲ್ಲಿದ್ದ ಗಿಡ ಒಮ್ಮೆಲೇ ಬಿಸಿಲಿಗೆ ಬಂದು, ಮಣ್ಣು ಒಣಗಿದ್ದರೆ ಎಲೆ ಗಾಳಿ ಎಳೆದುಕೊಳ್ಳುವ ಪುಟ್ಟ ತೂತು, ಅಂದರೆ ಪತ್ರರಂಧ್ರ, ಮುಚ್ಚಿಕೊಳ್ಳುತ್ತದೆ. ಆಗ ಬೆಳಕು ಎಷ್ಟಿದ್ದರೂ ಕಾರ್ಬನ್ ಡೈಆಕ್ಸೈಡ್ ಒಳಗೆ ಹೋಗುವುದಿಲ್ಲ. ಎಲೆ ಜೋತುಬಿದ್ದಿದೆಯೇ? ಅದೇ ಎಚ್ಚರಿಕೆಯ ಗುರುತು. ಕೂಡಲೇ ನೀರು ಕೊಟ್ಟು ಸ್ವಲ್ಪ ನೆರಳಿಗೆ ಸರಿಸಿ, ಚೇತರಿಸಿಕೊಂಡ ಮೇಲೆ ಮತ್ತೆ ಬಿಸಿಲಿಗಿಡಿ.

ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಮೋಡ. ಮೋಡದ ದಿನವೂ ಪಿಷ್ಟ ಆಗುತ್ತದೆ, ಕಡಿಮೆ ಆಗುತ್ತದೆ. ಅಂಥ ದಿನ ಬೆಳಕು ಹರಿದ ಕೂಡಲೇ ಗಿಡ ಹೊರಗಿಟ್ಟು ಸಂಜೆ ಐದರವರೆಗೂ ಬಿಡಿ. ದಿನವೆಲ್ಲ ಜಡಿಮಳೆ ಹಿಡಿದಿದ್ದರೆ ಗಿಡವನ್ನು ಕತ್ತಲಲ್ಲೇ ಬಿಟ್ಟು ಒಂದು ದಿನ ಮುಂದೂಡುವುದೇ ಮೇಲು.

7. ಎಲೆಯ ಹಸಿರು ತೆಗೆಯುವುದು

ಅಪಾಯ ಇರುವುದು ಇಲ್ಲಿ. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ವಸ್ತುಪ್ರದರ್ಶನದಲ್ಲಿ ಸ್ಪಿರಿಟ್ ತುಂಬಿದ ಸ್ಟೀಲ್ ಲೋಟವನ್ನು ನೇರವಾಗಿ ಸ್ಟೌ ಮೇಲಿಟ್ಟಿದ್ದರು. ನಾನು ಬಾಗಿಲಲ್ಲಿದ್ದೆ. ಲೋಟದ ಬಾಯಿಯಿಂದ ಬೆಂಕಿ ಎದ್ದಿತು, ಹುಡುಗಿಯೊಬ್ಬಳು ಗಾಬರಿಯಲ್ಲಿ ಅದಕ್ಕೆ ಕೈ ಹಾಕಲು ಹೋದಳು. ಯಾರೋ ಒದ್ದೆ ಬಟ್ಟೆ ಮುಚ್ಚಿದ್ದರಿಂದ ಸದ್ಯ ಏನೂ ಆಗಲಿಲ್ಲ. ಹಗಲು ಬೆಳಕಿನಲ್ಲಿ ಸ್ಪಿರಿಟ್‌ನ ಜ್ವಾಲೆ ಸರಿಯಾಗಿ ಕಾಣುವುದೂ ಇಲ್ಲ. ಇವತ್ತಿಗೂ ಆ ಕೈ ನನ್ನ ಕಣ್ಣಮುಂದೆ ಬರುತ್ತದೆ. ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ, ಈ ಹಂತದಲ್ಲಿ ದೊಡ್ಡವರೊಬ್ಬರು ಪಕ್ಕದಲ್ಲಿ ಇರಲೇಬೇಕು. ಕಿಟಕಿ ತೆರೆದಿರಲಿ, ಒದ್ದೆ ಗೋಣಿಯೋ ಟವೆಲೋ ಕೈಗೆ ಸಿಗುವಂತಿರಲಿ.

ಕ್ರಮ ಹೀಗೆ. ವ್ಯಾಸಲಿನ್ ಹಚ್ಚಿದ ಎಲೆಗಳನ್ನು ಮೊದಲು ಟಿಶ್ಯೂ ಕಾಗದದಿಂದ ಚೆನ್ನಾಗಿ ಒರೆಸಿ. ಜಿಡ್ಡು ಉಳಿದರೆ ಅಯೋಡಿನ್ ಒಳಗೆ ಇಳಿಯುವುದಿಲ್ಲ, ಪಿಷ್ಟ ಇದ್ದರೂ ಇಲ್ಲದ ಹಾಗೆ ಕಾಣುತ್ತದೆ.

ಆಮೇಲೆ ಕುದಿಯುವ ನೀರಿನಲ್ಲಿ ಒಂದರಿಂದ ಎರಡು ನಿಮಿಷ ಎಲೆ ಮುಳುಗಿಸಿ. ಎಲೆ ಬಾಡಿ ಮೆತ್ತಗಾಗುತ್ತದೆ. ಜೀವಕೋಶದ ಪೊರೆ ಒಡೆದು ಸ್ಪಿರಿಟ್‌ಗೂ ಅಯೋಡಿನ್‌ಗೂ ಒಳಗೆ ದಾರಿಯಾಗುತ್ತದೆ, ಎಲೆಯ ಕೆಲಸವೂ ಅಲ್ಲಿಗೇ ನಿಲ್ಲುತ್ತದೆ. ಈ ಹಂತ ಬಿಟ್ಟು ನೇರವಾಗಿ ಸ್ಪಿರಿಟ್‌ಗೆ ಹಾಕಿದರೆ ಅರ್ಧ ಗಂಟೆಯಾದರೂ ಹಸಿರು ಪೂರ್ತಿ ಬಿಡುವುದಿಲ್ಲ.

ಈಗ ಸ್ಟೌ ಆರಿಸಿ. ಆರಿಸಿದ್ದೀರಾ? ಕುದಿದ ನೀರಿನ ಪಾತ್ರೆಯನ್ನು ಬೇರೆ ಕೋಣೆಗೆ ಒಯ್ಯಿರಿ, ಸುತ್ತಮುತ್ತ ದೀಪ, ಊದುಬತ್ತಿ ಏನೂ ಇರಬಾರದು. ಲೋಟಕ್ಕೆ ಎಲೆ ಮುಳುಗುವಷ್ಟು ಸ್ಪಿರಿಟ್ ಹಾಕಿ, ಎಲೆ ಬಿಡಿ, ಲೋಟವನ್ನು ಆ ಬಿಸಿನೀರಿನಲ್ಲಿ ನಿಲ್ಲಿಸಿ. ಆಲ್ಕೋಹಾಲ್ ಕುದಿಯಲು ಸುಮಾರು 78 ಡಿಗ್ರಿ ಸಾಕು, ಅಂದರೆ ಈಗಷ್ಟೇ ಇಳಿಸಿದ ನೀರಿನ ಬಿಸಿಯೇ ಬೇಕಾದಷ್ಟಾಯಿತು. ಸ್ಪಿರಿಟ್ ಹಸಿರಾಗುತ್ತಾ ಹೋಗುತ್ತದೆ, ಎಲೆ ಬಿಳಿಚುತ್ತದೆ. ನೀರು ತಣ್ಣಗಾದರೆ ಬಿಸಿನೀರು ಬದಲಿಸಿ. ತೆಳು ಎಲೆಗೆ ಹತ್ತು ಹದಿನೈದು ನಿಮಿಷ.

ತಪಾಸಣೆ: ಎಲೆ ಮಜ್ಜಿಗೆ ಬಣ್ಣಕ್ಕೆ ಬರಬೇಕು. ಇನ್ನೂ ತಿಳಿಹಸಿರು ಇದ್ದರೆ ಹೊಸ ಸ್ಪಿರಿಟ್ ಹಾಕಿ ಮತ್ತೆ ಇಡಿ. ಹಸಿರಿನ ಮೇಲೆ ಅಯೋಡಿನ್ ಬಿದ್ದರೆ ಒಂಥರಾ ಕೊಳಕು ಕಂದು ಬರುತ್ತದೆ, ಅದನ್ನು ನೋಡಿ ಪಿಷ್ಟ ಇದೆಯೋ ಇಲ್ಲವೋ ಎಂದು ಯಾರೂ ಹೇಳಲಾರರು. ನನಗೆ ಬರುವ ಫೋಟೊಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ತಪ್ಪು ಇದೇ.

ಸ್ಪಿರಿಟ್‌ನಿಂದ ತೆಗೆದ ಎಲೆ ಹಪ್ಪಳದ ಹಾಗೆ ಗರಿಗರಿ ಆಗಿರುತ್ತದೆ. ಬಿಡಿಸಲು ಹೋದರೆ ಮುರಿಯುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಮೆತ್ತಗಾದ ಮೇಲೆ ಬಿಳಿ ತಟ್ಟೆಯಲ್ಲಿ ಹರಡಿ. ಉಳಿದ ಹಸಿರು ಸ್ಪಿರಿಟ್ ವಿಷ. ಕುಡಿಯುವ ನೀರಿನ ಬಾಟಲಿಗೆ ಯಾವ ಕಾರಣಕ್ಕೂ ತುಂಬಿಡಬೇಡಿ.

8. ಅಯೋಡಿನ್ ಹಾಕಿ, ಓದಿ

ಎಲೆ ಪೂರ್ತಿ ತಣ್ಣಗಾಗಿರಲಿ. ಎಲ್ಲ ಕಡೆ ಅಯೋಡಿನ್ ಹನಿಸಿ, ಮೂರು ನಿಮಿಷ ಬಿಟ್ಟು, ತಣ್ಣೀರಿನಲ್ಲಿ ಮೆಲ್ಲಗೆ ತೊಳೆದು ಬೆಳಕಿಗೆ ಹಿಡಿಯಿರಿ.

ಕಾಗದ ಹಿಡಿಸಿದ್ದ ಎಲೆಯಲ್ಲಿ "ಮ" ಮಾತ್ರ ಕಡು ನೀಲಿ, ಸುತ್ತ ಹಳದಿ. ಅಕ್ಷರದ ಅಂಚು ಹರಡಿಕೊಂಡಿದ್ದರೆ ಕಾಗದದ ಬದಿಯಿಂದ ಬೆಳಕು ನುಸುಳಿದೆ ಎಂದರ್ಥ, ಪ್ರಯೋಗ ಕೆಟ್ಟಿಲ್ಲ. ಏನೂ ಮಾಡದ ಎಲೆ ಇಡಿಯಾಗಿ ನೀಲಿ. ಮೇಲ್ಬದಿಗೆ ಮಾತ್ರ ವ್ಯಾಸಲಿನ್ ಹಚ್ಚಿದ್ದೂ ನೀಲಿ, ಯಾಕೆಂದರೆ ಪತ್ರರಂಧ್ರಗಳು ಕೆಳಬದಿಯಲ್ಲೇ ಜಾಸ್ತಿ, ಅವು ತೆರೆದಿದ್ದವು. ಎರಡೂ ಬದಿಗೆ ಹಚ್ಚಿದ್ದು ಹಳದಿಯಾಗಿಯೇ ಉಳಿಯುತ್ತದೆ. ಆ ಎಲೆಗೆ ಬೆಳಕಿತ್ತು, ನೀರಿತ್ತು, ಪತ್ರಹರಿತ್ತು ಇತ್ತು, ಗಾಳಿ ಮಾತ್ರ ಇರಲಿಲ್ಲ. ಮಕ್ಕಳಿಗೆ ಈ ಎಲೆಯನ್ನು ಕೊನೆಗೆ ತೋರಿಸಿ, ಕಾರಣ ಅವರೇ ಹೇಳಲಿ.

ಅದರಲ್ಲಿ ಅಲ್ಲಲ್ಲಿ ನೀಲಿ ಚುಕ್ಕೆ ಬಂದಿದ್ದರೆ ಅಷ್ಟು ಜಾಗದಲ್ಲಿ ವ್ಯಾಸಲಿನ್ ತಪ್ಪಿಹೋಗಿದೆ. ಎಲ್ಲ ಎಲೆಗಳೂ ಹಳದಿಯಾಗಿ ಉಳಿದರೆ ಅನ್ನದ ಅಗುಳಿಗೆ ಮತ್ತೊಮ್ಮೆ ಅಯೋಡಿನ್ ಹಾಕಿ ನೋಡಿ. ಅಗುಳು ನೀಲಿಯಾದರೆ ತಪ್ಪು ಬಿಸಿಲಿನದು ಇಲ್ಲವೇ ನೀರಿನದು. ಎಲ್ಲವೂ ಕಪ್ಪಾದರೆ? ಸೊನ್ನೆ ಎಲೆ ಮಾಡಿದ್ದರೆ ನಿಮಗೇ ಉತ್ತರ ಗೊತ್ತಿರುತ್ತದೆ: ಅಯೋಡಿನ್ ಗಾಢವಾಯಿತು, ತೆಳು ಮಾಡಿ.

9. ಗುಳ್ಳೆಗಳ ಪರೀಕ್ಷೆ

ಗಿಡ ತಾರಸಿಯ ಮೇಲಿರುವಾಗ ಇದನ್ನೂ ಅಲ್ಲೇ ಇಟ್ಟುಬಿಡಬಹುದು. ಹೈಡ್ರಿಲ್ಲಾ ಅಲಂಕಾರದ ಮೀನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಹಳ್ಳಿಯವರಾದರೆ ಗದ್ದೆ ಬದಿಯ ನಿಂತ ನೀರಿನಲ್ಲೇ ಹುಡುಕಬಹುದು. ವಿಶ್ವೇಶ್ವರಯ್ಯ ನಾಲೆಗೆ ಮಾತ್ರ ಮಕ್ಕಳನ್ನು ಇಳಿಸಬೇಡಿ, ಅದರ ಸೆಳೆತ ಮೇಲಿಂದ ಕಾಣುವುದಿಲ್ಲ.

ನೀರು ಯಾವುದು ಎನ್ನುವುದು ಇಲ್ಲಿ ಮುಖ್ಯ. ಕುದಿಸಿ ಆರಿಸಿದ ನೀರಿನಲ್ಲಿ ಕರಗಿದ ಅನಿಲ ಹೊರಟುಹೋಗಿರುತ್ತದೆ. ಆರ್‌ಓ ಫಿಲ್ಟರ್ ನೀರಿನಲ್ಲೂ ಗಿಡಕ್ಕೆ ಬೇಕಾದ್ದು ತೀರಾ ಕಡಿಮೆ. ಬೋರ್‌ವೆಲ್ ನೀರು ಅಥವಾ ತೊಟ್ಟಿ ನೀರು ತೆಗೆದುಕೊಂಡು ಅರ್ಧ ಲೀಟರಿಗೆ ಸುಮಾರು ಒಂದು ಗ್ರಾಂ ಅಡುಗೆ ಸೋಡಾ ಸೇರಿಸಿ, ಅದರಿಂದ ಕಾರ್ಬನ್ ಡೈಆಕ್ಸೈಡ್ ಸಿಗುತ್ತದೆ. ಬೇಕಿಂಗ್ ಪೌಡರ್ ಬೇಡ, ಅದು ತಾನೇ ಗುಳ್ಳೆ ಬಿಟ್ಟು ಮೋಸ ಮಾಡುತ್ತದೆ.

ಐದಾರು ಎಳೆ ಕಾಂಡಗಳನ್ನು ನೀರೊಳಗೇ ಹಿಡಿದು ಕತ್ತರಿಸಿ. ಕತ್ತರಿಸಿದ ತುದಿ ಮೇಲಕ್ಕೆ, ಬೆಳೆಯುವ ತುದಿ ಕೆಳಕ್ಕೆ. ಗುಳ್ಳೆ ಹೊರಡುವುದು ಕತ್ತರಿಸಿದ ಕಡೆಯಿಂದ. ಬೀಕರಿನೊಳಗೆ ಅವುಗಳ ಮೇಲೆ ಆಲಿಕೆಯನ್ನು ಬೋರಲು ಹಾಕಿ, ಎರಡು ಮೂರು ಸಣ್ಣ ಕಲ್ಲಿಟ್ಟು ಆಲಿಕೆಯನ್ನು ತಳದಿಂದ ಸ್ವಲ್ಪ ಎತ್ತರಿಸಿ, ಇಲ್ಲದಿದ್ದರೆ ಒಳಗೆ ಹೊಸ ನೀರು ಬರುವುದಿಲ್ಲ. ನೀರು ತುಂಬಿದ ಪ್ರನಾಳವನ್ನು (ಟೆಸ್ಟ್ ಟ್ಯೂಬ್) ಆಲಿಕೆಯ ತೊಟ್ಟಿನ ಮೇಲೆ ಬೋರಲು ನಿಲ್ಲಿಸಿ. ಶುರುವಿನಲ್ಲೇ ಪ್ರನಾಳದಲ್ಲಿ ಗಾಳಿ ಸೇರಿದ್ದರೆ ಮತ್ತೆ ತುಂಬಿಸಿ.

ಮೊದಲ ಕೆಲವು ನಿಮಿಷದ ಗುಳ್ಳೆಗಳನ್ನು ನಂಬಬೇಡಿ. ನೀರು ಬಿಸಿಯಾದಾಗ ಅದರಲ್ಲಿ ಕರಗಿದ್ದ ಗಾಳಿಯೂ ಗುಳ್ಳೆಯಾಗಿ ಏಳುತ್ತದೆ. ಪಕ್ಕದಲ್ಲಿ ಗಿಡವಿಲ್ಲದ, ಅದೇ ಸೋಡಾ ನೀರಿನ ಇನ್ನೊಂದು ಲೋಟ ಇಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಆಮೇಲೆ ನಿಮಿಷಕ್ಕೆ ಎಷ್ಟು ಗುಳ್ಳೆ ಎಂದು ಎಣಿಸಿ, ನೆರಳಿಗೆ ಸರಿಸಿ ಐದು ನಿಮಿಷ ಬಿಟ್ಟು ಮತ್ತೆ ಎಣಿಸಿ.

ಇನ್ನು ಆಮ್ಲಜನಕದ ಪರೀಕ್ಷೆ. ಅರ್ಧ ಪ್ರನಾಳ ತುಂಬಲು ಒಂದು ದಿನ, ಕೆಲವೊಮ್ಮೆ ಎರಡು ದಿನ ಬೇಕು. ಇಪ್ಪತ್ತು ನಿಮಿಷಕ್ಕೆ ತೆಗೆದು ನೋಡಿದವರಿಗೇ ನಿರಾಸೆಯಾಗುವುದು. ನೀರೊಳಗೇ ಹೆಬ್ಬೆರಳಿನಿಂದ ಬಾಯಿ ಮುಚ್ಚಿ, ತಿರುಗಿಸಿ, ಕೆಂಡವಿರುವ ಕಡ್ಡಿ ಒಳಗಿಡಿ. ಊದುಬತ್ತಿಗೆ ಮೈಸೂರಿನಲ್ಲಿ ಬರವಿಲ್ಲ, ಆದರೆ ಮಸಾಲೆ ಮೆತ್ತಿದ ಭಾಗ ಬರೀ ಹೊಗೆಯಾಡುತ್ತದೆ. ಕಡ್ಡಿಯ ಬುಡದಲ್ಲಿ ಮಸಾಲೆ ಇಲ್ಲದ ಬಿದಿರಿನ ಭಾಗ ಇರುತ್ತದಲ್ಲ, ಅದನ್ನು ಹೊತ್ತಿಸಿ, ಆರಿಸಿ, ಕೆಂಡ ಇರುವಾಗಲೇ ಒಳಗೆ ಬಿಡಿ. ಆಮ್ಲಜನಕವಿದ್ದರೆ ಕೆಂಡ ಮತ್ತೆ ಹೊತ್ತಿಕೊಳ್ಳುತ್ತದೆ, ಜ್ವಾಲೆ ಬರದೆ ಬರೀ ಹೊಳಪಾದರೂ ಸರಿಯೇ. ನೀವು ಹಿಡಿದದ್ದು ಶುದ್ಧ ಆಮ್ಲಜನಕವಲ್ಲ, ಅದರಲ್ಲಿ ಗಾಳಿಯೂ ಬೆರೆತಿರುತ್ತದೆ.

10. ಪತ್ರರಂಧ್ರ ಕಣ್ಣಿಗೆ ಕಾಣಬೇಕು

ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತಿಗೆ, ನೀರು ಕುಡಿದ ಗಿಡದ ಎಲೆ ತೆಗೆದುಕೊಳ್ಳಿ. ಏಪ್ರಿಲ್ ಮಧ್ಯಾಹ್ನದ ಎಲೆಯಲ್ಲಿ ರಂಧ್ರ ಮುಚ್ಚಿರುವ ಸಂಭವವೇ ಹೆಚ್ಚು. ಕೆಳಬದಿಯನ್ನು ಒರೆಸಿ, ಉಗುರಿನಷ್ಟು ಜಾಗಕ್ಕೆ ನೇಲ್ ಪಾಲಿಶ್ ತೆಳುವಾಗಿ ಬಳಿದು ಹದಿನೈದು ನಿಮಿಷ ಒಣಗಲು ಬಿಡಿ. ಟೇಪು ಒತ್ತಿ ಎಬ್ಬಿಸಿದರೆ ಎಲೆಯ ಅಚ್ಚು ಅದರ ಜೊತೆಗೇ ಬರುತ್ತದೆ. ಗಾಜಿನ ಪಟ್ಟಿಗೆ ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ಮೊದಲು 100 ಪಟ್ಟು, ಆಮೇಲೆ 400 ಪಟ್ಟು ದೊಡ್ಡದು ಮಾಡಿ ನೋಡಿ.

ಎದುರುಬದುರು ಇಟ್ಟ ಎರಡು ಅಲಸಂದೆ ಕಾಳಿನ ಹಾಗೆ ಕಾಣುತ್ತವೆ ರಂಧ್ರವನ್ನು ತೆರೆದು ಮುಚ್ಚುವ ಕಾವಲು ಕೋಶಗಳು, ನಡುವಿನ ಸೀಳೇ ರಂಧ್ರ. ಪೂರ್ತಿ ದುಂಡಗೆ, ಕಪ್ಪು ಅಂಚಿನ, ಚಿಕ್ಕದು ದೊಡ್ಡದು ಬೆರೆತ ಉಂಗುರಗಳು ಕಂಡರೆ ಅವು ಪಾಲಿಶ್‌ನೊಳಗಿನ ಗಾಳಿ ಗುಳ್ಳೆಗಳು. ಅದನ್ನೇ ಪತ್ರರಂಧ್ರ ಎಂದು ಚಿತ್ರ ಬರೆದುಕೊಂಡು ಬಂದವರು ಬಹಳ. ಮೊದಲು ಬೇಡ ಎಂದ ಭತ್ತದ ಗರಿಯನ್ನು ಇಲ್ಲಿ ತನ್ನಿ. ಹುಲ್ಲಿನ ಜಾತಿಯ ಕಾವಲು ಕೋಶ ಕಾಳಿನಂತಿರದೆ ಡಂಬೆಲ್ ಆಕಾರದಲ್ಲಿರುತ್ತದೆ, ಪಕ್ಕಪಕ್ಕದಲ್ಲಿಟ್ಟು ನೋಡಲು ಚೆನ್ನ.

11. ಕತ್ತಲಲ್ಲಿ ಬಿಡುವ ಉಸಿರು

ಗಿಡ ಹಗಲು ಕಾರ್ಬನ್ ಡೈಆಕ್ಸೈಡ್ ತೆಗೆದುಕೊಳ್ಳುತ್ತದೆ, ರಾತ್ರಿ ಮಾತ್ರ ಉಸಿರಾಡುತ್ತದೆ ಎಂದು ಬರೆಯುವವರು ಈಗಲೂ ಇದ್ದಾರೆ. ಗಿಡ ಇಪ್ಪತ್ನಾಲ್ಕು ಗಂಟೆಯೂ ಉಸಿರಾಡುತ್ತದೆ. ಹಗಲಲ್ಲಿ ಊಟ ತಯಾರಿಸುವ ಕೆಲಸ ಅದಕ್ಕಿಂತ ಜೋರಾಗಿ ನಡೆಯುವುದರಿಂದ ಉಸಿರಾಟ ನಮಗೆ ಕಾಣುವುದಿಲ್ಲ. ಅರಳಿ, ತುಳಸಿ ರಾತ್ರಿಯೂ ಆಮ್ಲಜನಕ ಕೊಡುತ್ತವೆ ಎನ್ನುವ ಮಾತನ್ನೂ ಪ್ರಯೋಗದ ಪುಸ್ತಕದಲ್ಲಿ ಬರೆಯಬೇಡಿ. ಬೆಳಕಿಲ್ಲದೆ ಎಲೆ ಆಮ್ಲಜನಕ ಮಾಡುವುದಿಲ್ಲ. ಕತ್ತಾಳೆ, ಅನಾನಸ್ ಗಿಡ ರಾತ್ರಿ ಪತ್ರರಂಧ್ರ ತೆರೆದು ಕಾರ್ಬನ್ ಡೈಆಕ್ಸೈಡ್ ಒಳಗೆ ಕೂಡಿಟ್ಟುಕೊಳ್ಳುವುದು ನಿಜ, ಆದರೆ ಆಮ್ಲಜನಕ ಬರುವುದು ಬೆಳಗಾದ ಮೇಲೇ.

ಗಿಡದ ಉಸಿರಿನಲ್ಲಿ ಹೊರಬರುವ ಕಾರ್ಬನ್ ಡೈಆಕ್ಸೈಡ್ ನೋಡಲು ಎಲೆಅಡಿಕೆಗೆ ಹಾಕುವ ಸುಣ್ಣ ಸಾಕು. ಒಂದು ಚಮಚ ಸುಣ್ಣವನ್ನು ಬಾಟಲಿ ನೀರಿಗೆ ಹಾಕಿ ಕುಲುಕಿ, ಮುಚ್ಚಳ ಬಿಗಿದು ರಾತ್ರಿಯಿಡೀ ಬಿಡಿ. ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ಕಣ್ಣಿಗೆ ತಾಗದಂತೆ ಎಚ್ಚರ. ತೆರೆದಿಟ್ಟರೆ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್‌ನಿಂದಲೇ ಅದರ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಹಾಗಾಗಿ ಬಳಸುವಾಗಲೇ ಬಗ್ಗಿಸಿ.

ಅಗಲ ಬಾಯಿಯ ಮೂರು ಡಬ್ಬಿ ತೆಗೆದುಕೊಳ್ಳಿ. ಒಂದಕ್ಕೆ ಮೊಳಕೆ ಬಂದ ಹೆಸರುಕಾಳು, ಇನ್ನೊಂದಕ್ಕೆ ಬೇಯಿಸಿ ಆರಿಸಿದ ಹೆಸರುಕಾಳು, ಮೂರನೆಯದಕ್ಕೆ ಒಂದು ಹಿಡಿ ತಾಜಾ ಎಲೆ. ಮೂರರಲ್ಲೂ ಸುಣ್ಣದ ತಿಳಿಯ ಪುಟ್ಟ ಬಟ್ಟಲು ಇಟ್ಟು ಬಿಗಿಯಾಗಿ ಮುಚ್ಚಿ, ಎಲೆಯ ಡಬ್ಬಿಗೆ ಕಪ್ಪು ಬಟ್ಟೆ ಸುತ್ತಿ. ಮೊಳಕೆಯ ಬಟ್ಟಲು ಕೆಲವು ಗಂಟೆಯಲ್ಲೇ ಹಾಲಿನಂತಾಗುತ್ತದೆ. ಎಲೆಯದಕ್ಕೆ ರಾತ್ರಿಯಿಡೀ ಬೇಕು. ಬೇಯಿಸಿದ ಕಾಳಿನದು ತಿಳಿಯಾಗಿಯೇ ಇರುತ್ತದೆ, ಇದ್ದರೂ ಮರುದಿನ ಬೆಳಿಗ್ಗೆಗೆ ನಿಲ್ಲಿಸಿಬಿಡಿ. ಕಾಳು ಹಳಸಲು ಶುರುವಾದರೆ ಸೂಕ್ಷ್ಮಜೀವಿಗಳ ಉಸಿರಿನಿಂದ ಅದೂ ಬಿಳಿಯಾಗುತ್ತದೆ.

ಶಾಲೆಯಲ್ಲಿ ಬ್ರೋಮೊಥೈಮಾಲ್ ಬ್ಲೂ ಇದ್ದರೆ ಇನ್ನೂ ಚೆಂದ, ಅದು ಕಾರ್ಬನ್ ಡೈಆಕ್ಸೈಡ್ ಸೇರಿದರೆ ನೀಲಿಯಿಂದ ಹಳದಿಗೆ ತಿರುಗುವ ಸೂಚಕ. ನೀಲಿ ದ್ರಾವಣಕ್ಕೆ ಸ್ಟ್ರಾದಿಂದ ಹಳದಿಯಾಗುವವರೆಗೆ ಊದಿ. ಹೀರಬೇಡಿ, ಊದಿ. ಎರಡು ಬಾಟಲಿಗೆ ಹಂಚಿ, ಎರಡಕ್ಕೂ ಹೈಡ್ರಿಲ್ಲಾ ಹಾಕಿ ಮುಚ್ಚಳ ಬಿಗಿದು, ಒಂದನ್ನು ಬಿಸಿಲಿಗೆ, ಒಂದನ್ನು ಕತ್ತಲಿಗೆ ಇಡಿ. ಬಿಸಿಲಿನದು ಮತ್ತೆ ನೀಲಿಗೆ ತಿರುಗುತ್ತದೆ, ಕತ್ತಲಿನದು ಹಳದಿಯಾಗಿಯೇ ನಿಲ್ಲುತ್ತದೆ. ಇಲ್ಲಿ ನೀರಿನ ಲೆಕ್ಕ ಉಲ್ಟಾ ನೋಡಿ. ಬೋರ್‌ವೆಲ್ ನೀರಿನಲ್ಲಿ ಎಷ್ಟು ಊದಿದರೂ ಬಣ್ಣ ಸುಲಭವಾಗಿ ಬದಲಾಗುವುದಿಲ್ಲ, ಅದರಲ್ಲಿರುವ ಲವಣಗಳು ತಡೆಯುತ್ತವೆ. ಗುಳ್ಳೆಗೆ ಬೇಡವೆಂದ ಆರ್‌ಓ ನೀರೇ ಇದಕ್ಕೆ ಸರಿ.

ಎಲ್ಲ ಮುಗಿದ ಮೇಲೆ ಕುಂಡದ ಗಿಡವನ್ನು ಮರೆಯಬೇಡಿ. ಉಳಿದ ಎಲೆಗಳಿಗೆ ವ್ಯಾಸಲಿನ್ ತಾಗಿದ್ದರೆ ಒರೆಸಿ, ಕಾಗದ, ಕ್ಲಿಪ್ಪು, ದಾರ ಬಿಚ್ಚಿ, ನೀರು ಹಾಕಿ ಒಂದು ವಾರ ಅರೆನೆರಳಿನಲ್ಲಿಡಿ. ಅದೇ ಗಿಡದ ಮೇಲೆ ಮತ್ತೊಮ್ಮೆ ಮಾಡುವುದಿದ್ದರೆ ಹೊಸದಾಗಿ ನಾಲ್ಕೈದು ಎಲೆ ಬಲಿಯುವವರೆಗೆ ಕಾಯಿರಿ.